ಪಿಕಪ್ ಟ್ರಕ್ಕಿನ ಟ್ರಾನ್ಸ್‌ಮಿಷನ್ ಕೂಲರ್ ಲೈನ್ ಸೋರಿದರೆ: ಎಲ್ಲಿ ನೋಡಬೇಕು, ಯಾವ ಪೈಪ್ ಹಾಕಬೇಕು

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಗ್ಗೆ. ಮನೆ ಮುಂದಿನ ಹಿಮದ ಮೇಲೆ ಅಂಗೈ ಅಗಲದ ಕೆಂಪು ಕಲೆ. ಆರತಿ ನೀರು ಚೆಲ್ಲಿದ ಹಾಗಿತ್ತು. ಮೇಲೆ ನಿಂತಿದ್ದದ್ದು ನಮ್ಮ ಹದಿನೇಳು ವರ್ಷದ ಪಿಕಪ್. ವರ್ಕ್‌ಶಾಪಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ "ಕೂಲರ್ ಲೈನ್ ಪೂರ್ತಿ ಹೋಗಿದೆ, ಬದಲಿಸಬೇಕು" ಅಂದರು. ಕೊನೆಗೆ ನೋಡಿದರೆ ಹೋಗಿದ್ದು ಒಂದು ಓ-ರಿಂಗ್, ಅಂದರೆ ಸಣ್ಣ ರಬ್ಬರ್ ಬಳೆ. ಮರುವರ್ಷ ಲೈನ್ ನಿಜವಾಗಿಯೂ ತೂತಾಯಿತು, ಅದು ಬೇರೆ ಮಾತು.

ನಾವಿರುವುದು ಅಮೆರಿಕದ ಮಿಶಿಗನ್ನಿನಲ್ಲಿ. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಅಲ್ಲಿಂದ ಬರುವುದು ಈ ರಸ್ತೆ ಉಪ್ಪೇ. ಮಲ್ಪೆ, ಕಾರವಾರದ ಕಡೆಯವರಿಗೆ ಉಪ್ಪುಗಾಳಿ ಕಿಟಕಿ ಸರಳಿಗೆ ಏನು ಮಾಡುತ್ತದೆ ಅಂತ ಗೊತ್ತು. ಅದೇ ಉಪ್ಪು ನೀರಾಗಿ ಗಾಡಿಯ ಹೊಟ್ಟೆಗೆ ಎರಚಿದರೆ ಹೇಗಿರಬಹುದು, ಲೆಕ್ಕ ಹಾಕಿ.

ಈ ಲೈನ್ ಏನು ಅಂತ ಎರಡು ಮಾತು. ಊರಿನ ಲಾರಿಗಳಲ್ಲಿ ಹೆಚ್ಚಿನವು ಕೈಗೇರಿನವು, ಹಾಗಾಗಿ ನಮ್ಮಲ್ಲಿ ಅನೇಕರು ಇದನ್ನು ನೋಡಿಯೇ ಇರುವುದಿಲ್ಲ. ಆಟೋಮ್ಯಾಟಿಕ್ ಗೇರಿನ ಗಾಡಿಯಲ್ಲಿ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಆಯಿಲ್ ಬಿಸಿಯಾಗುತ್ತದೆ. ಅದನ್ನು ಪಂಪು ಒಂದು ಪೈಪಿನಲ್ಲಿ ಮುಂದಕ್ಕೆ, ರೇಡಿಯೇಟರಿನ ಪಕ್ಕದ ಟ್ಯಾಂಕಿನೊಳಗಿರುವ ಕೂಲರಿಗೆ ತಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಮುಂದೆ ಇನ್ನೊಂದು ಕೂಲರ್ ಇರುತ್ತದೆ. ತಣ್ಣಗಾದ ಆಯಿಲ್ ಇನ್ನೊಂದು ಪೈಪಿನಲ್ಲಿ ವಾಪಸ್. ಈ ಹೋಗುವ, ಬರುವ ಪೈಪುಗಳೇ ಕೂಲರ್ ಲೈನ್.

ಮೊದಲು ಇದು: ಗೇರ್ ಹಿಡಿಯುತ್ತಿಲ್ಲ, ಅಥವಾ ಹೊಗೆ ಬರುತ್ತಿದೆ

ಡ್ರೈವ್‌ಗೋ ರಿವರ್ಸ್‌ಗೋ ಹಾಕಿದ ಮೇಲೆ ಗಾಡಿ ಎರಡು ಮೂರು ಸೆಕೆಂಡ್ ಯೋಚಿಸಿ ಹೊರಡುತ್ತಿದೆಯಾ? ಇಂಜಿನ್ ಕೂಗುತ್ತಿದೆ, ಗಾಡಿ ಎಳೆಯುತ್ತಿಲ್ಲವಾ? ಹಾಗಿದ್ದರೆ ಆಯಿಲ್ ಆಗಲೇ ತುಂಬಾ ಕೆಳಗೆ ಹೋಗಿರಬಹುದು. ಇಂಜಿನ್ ಆಫ್ ಮಾಡಿ. "ಮನೆ ಇನ್ನು ಎರಡೇ ಮೈಲಿ" ಅಂತ ಹೋಗಬೇಡಿ, ಆ ಎರಡು ಮೈಲಿಯಲ್ಲಿ ಟ್ರಾನ್ಸ್‌ಮಿಷನ್ನಿನೊಳಗಿನ ಕ್ಲಚ್ ಪ್ಲೇಟುಗಳು ಸುಟ್ಟು ಹೋಗಬಹುದು. ಟೋ ಮಾಡಿಸಿ, ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ಡಿನಲ್ಲಿ.

ಆಯಿಲ್ ಸುಟ್ಟ ವಾಸನೆ ಜೊತೆಗೆ ಹೊಗೆ ಬಂದರೆ ಇನ್ನೂ ಜಾಸ್ತಿ ಜಾಗ್ರತೆ. ಸೋರುವ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಪಕ್ಕಕ್ಕೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ದೂರ ನಿಂತು ಫೋನ್ ಮಾಡಿ. ಬಾನೆಟ್ ಎತ್ತಿ ಇಣುಕಬೇಡಿ.

ಇವೆರಡೂ ಇಲ್ಲ, ಬರೀ ಕಲೆ ಮಾತ್ರ ಅಂದರೆ ಮುಂದೆ ಓದಿ.

ನೆಲದ ಮೇಲೆ ಕೆಂಪು ಕಲೆ

ಖರ್ಚಿಲ್ಲದ ಪರೀಕ್ಷೆ: ರಾತ್ರಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಮುಂದಿನ ಚಕ್ರ ಎಲ್ಲಿ ಬರುತ್ತದೆ ಅಂತ ಪೆನ್ನಲ್ಲಿ ಗುರುತು ಮಾಡಿ. ಬೆಳಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಅಂತ ನೋಡಿ.

ತಿಳಿ ಕೆಂಪು, ಜಿಡ್ಡು ಜಿಡ್ಡು: ಟ್ರಾನ್ಸ್‌ಮಿಷನ್ ಆಯಿಲ್ ಇರಬಹುದು. ಆದರೆ ಹಳೆ ಗಾಡಿಗಳಲ್ಲಿ ಪವರ್ ಸ್ಟೀರಿಂಗಿಗೂ ಇದೇ ಕೆಂಪು ಆಯಿಲ್ ಹಾಕುವುದುಂಟು. ಹಾಗಾಗಿ ಸ್ಟೀರಿಂಗ್ ಡಬ್ಬಿಯ ಮಟ್ಟವನ್ನೂ ನೋಡಿ. ಕಂದು ಅಥವಾ ಕಪ್ಪು ಆದರೆ ಇಂಜಿನ್ ಆಯಿಲ್. ನೀರಿನ ಹಾಗೆ ತೆಳ್ಳಗಿದ್ದು ಸಿಹಿ ವಾಸನೆ ಬಂದರೆ ಕೂಲೆಂಟ್. ಅದನ್ನು ತಕ್ಷಣ ಒರೆಸಿ. ನಾಯಿ, ಬೆಕ್ಕು ನೆಕ್ಕಿದರೆ ಅವಕ್ಕೆ ವಿಷ. ಇನ್ನೊಂದು ಮಾತು, ಟ್ರಾನ್ಸ್‌ಮಿಷನ್ ಆಯಿಲ್ ಎಲ್ಲ ಗಾಡಿಯಲ್ಲೂ ಕೆಂಪಲ್ಲ. ಕೆಲವು ಹೊಸ ಎಂಟು ಗೇರಿನ ಗಾಡಿಗಳಲ್ಲಿ ಹಸಿರು ಇರುತ್ತದೆ.

ಮಟ್ಟ ನೋಡುವ ಕಡ್ಡಿ ಇದ್ದರೆ ಅದನ್ನು ಎಳೆದು ನೋಡಿ. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಬಿಸಿಯಾಗಿ, ಓಡುತ್ತಾ, ಪಾರ್ಕಿನಲ್ಲಿರುವಾಗ ನೋಡಬೇಕು. ಹಳೆಯ ಡಾಜ್ ಟ್ರಕ್ಕುಗಳಲ್ಲಿ ನ್ಯೂಟ್ರಲ್. ಕಡ್ಡಿಯ ಮೇಲಿನ ಆಯಿಲನ್ನು ಬಿಳಿ ಪೇಪರಿಗೆ ಒರೆಸಿ. ಕೆಂಪಾಗಿದ್ದರೆ ಚೆನ್ನಾಗಿದೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಆಯಿಲ್ ಆಗಲೇ ತುಂಬಾ ಬಿಸಿ ಕಂಡಿದೆ ಅಂತ ಅರ್ಥ. ಅಂಥದ್ದಕ್ಕೆ ಪೈಪ್ ಬದಲಿಸಿದರೆ ಮಾತ್ರ ಸಾಲದು, ಒಮ್ಮೆ ಟ್ರಾನ್ಸ್‌ಮಿಷನ್ ಬಲ್ಲವರಿಗೆ ತೋರಿಸಿ.

ಹನಿ ಬೀಳುವ ಜಾಗ ಒಂದು, ಒದ್ದೆ ಇರುವ ಜಾಗ ಇನ್ನೊಂದು

ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ರೇಡಿಯೇಟರಿನ ಹತ್ತಿರ ಸೋರಿದ್ದು ಲೈನಿನ ಗುಂಟ ಹರಿದು ಟ್ರಾನ್ಸ್‌ಮಿಷನ್ ಪ್ಯಾನಿನ (ಕೆಳಗಿನ ಆಯಿಲ್ ತಟ್ಟೆಯ) ತುದಿಯಲ್ಲಿ ತೊಟ್ಟಿಕ್ಕುತ್ತದೆ. ನೋಡಿದವರು "ಪ್ಯಾನ್ ಗ್ಯಾಸ್ಕೆಟ್ ಹೋಗಿದೆ" ಅಂತಾರೆ. ಆದ್ದರಿಂದ ಒದ್ದೆಯ ಅತಿ ಮುಂದಿನ, ಅತಿ ಮೇಲಿನ ಜಾಗ ಹುಡುಕಬೇಕು.

ಕೆಳಗೆ ತೂರುವ ಮುಂಚೆ: ಗಾಡಿ ಸಮತಟ್ಟಾದ ಕಾಂಕ್ರೀಟ್ ಮೇಲಿರಲಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಜ್ಯಾಕ್ ಸ್ಟ್ಯಾಂಡ್ ಹಾಕಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಲೇಬೇಡಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ತುಕ್ಕಿನ ಚಕ್ಕೆ ನೇರ ಕಣ್ಣಿಗೇ ಬೀಳುತ್ತದೆ. ಇಂಜಿನ್ ತಣ್ಣಗಾಗಿರಲಿ.

ಲೈನನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ. ಮೇಲೆ ಮುಖಕ್ಕೆ ಹಾಕುವ ಪೌಡರ್ ತೆಳುವಾಗಿ ಉದುರಿಸಿ. ಹೊರಗೆ ಬಂದು ಇಂಜಿನ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಆರಿದ ಮೇಲೆ ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಸೋರಿಕೆ ಕೆಂಪು ಗೆರೆಯಾಗಿ ಕಾಣುತ್ತದೆ. ನನಗೆ ಕಂಡದ್ದು ರೇಡಿಯೇಟರಿಗೆ ಲೈನ್ ಸೇರುವ ಕಡೆ, ಗೆಣ್ಣಿನ ಕೆಳಗೆ ಕಡ್ಡಿಯಷ್ಟು ತೆಳ್ಳಗಿನ ಒಂದು ಗೆರೆ. ಅದಕ್ಕಿಂತ ಮುಂದೆ ಎಲ್ಲ ಪುಡಿ ಬಿಳಿಯಾಗೇ ಇತ್ತು.

ರೇಡಿಯೇಟರ್ ಅಥವಾ ಟ್ರಾನ್ಸ್‌ಮಿಷನ್ ಗೆಣ್ಣಿನಲ್ಲಿ ಒದ್ದೆ

ಇದು ಎಲ್ಲಕ್ಕಿಂತ ಅಗ್ಗದ ತೊಂದರೆ. ಅನೇಕ ಗಾಡಿಗಳಲ್ಲಿ ಲೈನ್ ಕೂರುವುದು ಒತ್ತಿದರೆ ಕಟಕ್ಕೆಂದು ಹಿಡಿಯುವ ಗೆಣ್ಣಿನಲ್ಲಿ. ಒಳಗೆ ಓ-ರಿಂಗ್, ಹೊರಗೆ ತಂತಿಯ ಕ್ಲಿಪ್. ವಯಸ್ಸಾದ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಚಳಿಯಲ್ಲಿ ಸೋರಿ, ಬಿಸಿಯಾದ ಮೇಲೆ ನಿಂತರೆ ಅನುಮಾನ ಇದರ ಮೇಲೇ ಇರಲಿ. ಲೈನ್ ಸ್ವಲ್ಪ ಅಲ್ಲಾಡುವುದು ಸಹಜ, ಅಲ್ಲಾಡಿಸಿದಾಗ ಹನಿ ಬಂದರೆ ಸಹಜವಲ್ಲ. ಓ-ರಿಂಗ್, ಕ್ಲಿಪ್ ಎರಡೂ ಹೊಸದು ಹಾಕಿ. ಓ-ರಿಂಗಿಗೆ ಅದೇ ಆಯಿಲ್ ಸವರಿ ಕೂರಿಸಿ.

ನಟ್ ಇರುವ ಗೆಣ್ಣಾದರೆ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ರೇಡಿಯೇಟರ್ ಕಡೆಯ ಗೆಣ್ಣು ಹಿಡಿಯಿರಿ, ಇನ್ನೊಂದರಲ್ಲಿ ನಟ್ ತಿರುಗಿಸಿ. ಒಂದೇ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ರೇಡಿಯೇಟರ್ ಟ್ಯಾಂಕೇ ತಿರುಚಿಕೊಂಡು ಬಿರುಕು ಬಿಡುತ್ತದೆ. ನೂರು ರೂಪಾಯಿ ಕೆಲಸ ಸಾವಿರಕ್ಕೆ ಹೋಯಿತು ಅನ್ನುವುದು ಇಲ್ಲೇ.

ರಬ್ಬರ್ ಮತ್ತು ಲೋಹ ಕೂಡುವ ಕಡೆ ಜಿಡ್ಡು

ಇಂಜಿನ್ ಅಲ್ಲಾಡುತ್ತದೆ, ರೇಡಿಯೇಟರ್ ಅಲ್ಲಾಡುವುದಿಲ್ಲ. ಹಾಗಾಗಿ ನಡುವೆ ಒಂದು ತುಂಡು ರಬ್ಬರ್ ಹೋಸ್ ಇರುತ್ತದೆ. ಅದನ್ನು ಲೋಹಕ್ಕೆ ಬಳೆಯಂಥ ಕಾಲರ್ ಹಾಕಿ ಒತ್ತಿರುತ್ತಾರೆ. ಈ ಒತ್ತಿದ ಜಾಗ ವರ್ಷಗಳ ಮೇಲೆ ಬೆವರುತ್ತದೆ. ಸುತ್ತ ಧೂಳು ಅಂಟಿ ಕಪ್ಪಾಗಿರುತ್ತದೆ. ಮೇಲಿನಿಂದ ಕ್ಲ್ಯಾಂಪ್ ಬಿಗಿದರೆ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ನಿಲ್ಲುವುದಿಲ್ಲ.

ಲೋಹದ ಭಾಗ ಚೆನ್ನಾಗಿದ್ದರೆ ರಬ್ಬರ್ ಮಾತ್ರ ಕತ್ತರಿಸಿ ಹೊಸದು ಹಾಕಬಹುದು. ಆದರೆ ಯಾವ ಹೋಸ್ ಅನ್ನುವುದು ಮುಖ್ಯ. ಹೋಸಿನ ಮೈಮೇಲೆ "ಎಸ್‌ಎಇ ಜೆ1532" ಅಂತ ಅಚ್ಚಾಗಿರಬೇಕು. ಅದು ಟ್ರಾನ್ಸ್‌ಮಿಷನ್ ಆಯಿಲ್ ಕೂಲರಿಗೆಂದೇ ಇರುವ ಗುಣಮಟ್ಟ. ಪೆಟ್ರೋಲ್ ಹೋಸ್ ನೋಡಲು ಹಾಗೇ ಇರುತ್ತದೆ, ಅಗ್ಗ ಕೂಡ. ಸಾಮಾನ್ಯ ಪೆಟ್ರೋಲ್ ಹೋಸ್ ಈ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ನೀರಿನ ಹೀಟರ್ ಹೋಸ್ ಅಂತೂ ಆಯಿಲಿಗೆ ಉಬ್ಬಿ ಹಾಳಾಗುತ್ತದೆ.

ಪೈಪಿನ ತುದಿಯಲ್ಲಿ ಉಬ್ಬು ಇರಬೇಕು. ನಾನು ಮಾಡಿದ ತಪ್ಪು ಇದೇ. ಮರುವರ್ಷ ಲೈನ್ ತೂತಾದಾಗ ತುಕ್ಕಿದ ಭಾಗ ಕತ್ತರಿಸಿ, ನುಣ್ಣಗಿನ ತುದಿಗೆ ಹೋಸ್ ತೂರಿಸಿ, ಎರಡೆರಡು ಕ್ಲ್ಯಾಂಪ್ ಬಿಗಿದೆ. ಗಟ್ಟಿಯಾಗೇ ಇತ್ತು. ಹತ್ತು ದಿನ ಬಿಟ್ಟು ಸುಮ್ನೆ ನೋಡೋಣ ಅಂತ ಕೆಳಗೆ ತೂರಿದರೆ, ಮಾರ್ಕರಿನಲ್ಲಿ ಎಳೆದಿದ್ದ ಗೆರೆಯಿಂದ ಹೋಸ್ ಅರ್ಧ ಇಂಚು ಹಿಂದೆ ಸರಿದಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಫ್ರೀವೇ ಮೇಲೆ ಕಳಚಿಕೊಳ್ಳುತ್ತಿತ್ತು. ಡಬಲ್ ಫ್ಲೇರ್ ಮಾಡುವ, ಅಂದರೆ ಪೈಪಿನ ತುದಿಯನ್ನು ಕಹಳೆ ಬಾಯಿಯಂತೆ ಅಗಲಿಸಿ ಮಡಚುವ, ಉಪಕರಣದ ಮೊದಲ ಹಂತ ಮಾತ್ರ ಮಾಡಿ ನಿಲ್ಲಿಸಿದರೆ ಪೈಪಿನ ತುದಿಯಲ್ಲಿ ಬೇಕಾದ ಉಬ್ಬು ಬರುತ್ತದೆ. ಹೋಸ್ ಉಬ್ಬು ದಾಟಿ ಒಂದು ಇಂಚಾದರೂ ಕೂರಲಿ, ಕ್ಲ್ಯಾಂಪ್ ಉಬ್ಬಿನ ಹಿಂದೆ ಬರಲಿ.

ಕ್ಲಿಪ್ಪಿನ ಕೆಳಗೆ, ಲೈನಿನ ಮಧ್ಯದಲ್ಲಿ ತುಕ್ಕು

ಈಗ ಲೈನ್ ಬದಲಿಸುವ ಮಾತು. ಲೈನನ್ನು ಫ್ರೇಮಿಗೆ ಹಿಡಿದಿರುವ ಕ್ಲಿಪ್ಪುಗಳ ಕೆಳಗೆ ಉಪ್ಪಿನ ಕೆಸರು ತುಂಬಿಕೊಂಡು ಬೇಸಿಗೆವರೆಗೂ ಒದ್ದೆಯಾಗೇ ಇರುತ್ತದೆ. ತೂತು ಬೀಳುವುದು ಅಲ್ಲೇ. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕೆರೆದು ನೋಡಿ. ಮೇಲಷ್ಟೇ ಕೆಂಪು ಪುಡಿ ಬಂದು ಒಳಗೆ ಲೋಹ ನುಣ್ಣಗಿದ್ದರೆ ಇನ್ನೂ ಸ್ವಲ್ಪ ಕಾಲ ಇದೆ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಎದ್ದರೆ ಮುಗಿಯಿತು. ಒಂದು ಕಡೆ ಹೀಗಾಗಿದ್ದರೆ ಪಕ್ಕದ ಲೈನೂ ಅದೇ ವಯಸ್ಸಿನದು ಅಲ್ವಾ? ಎರಡನ್ನೂ ಬದಲಿಸಿ. ಜೊತೆಗೆ ಬ್ರೇಕ್ ಲೈನನ್ನೂ ನೋಡಿಬಿಡಿ, ಅದೂ ಅದೇ ಉಪ್ಪು ತಿಂದಿದೆ. ಬ್ರೇಕ್ ಲೈನ್ ಪದರ ಎದ್ದಿದ್ದರೆ ಗಾಡಿ ಓಡಿಸಬೇಡಿ.

ಯಾವ ಪೈಪ್? ಎಲ್ಲರೂ ಮೊದಲು ಹೇಳುವುದು ಸ್ಟೇನ್‌ಲೆಸ್ ಸ್ಟೀಲ್. ತುಕ್ಕಿನ ವಿಚಾರಕ್ಕೆ ಅದೇ ಗಟ್ಟಿಗ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಬಗ್ಗಿಸಲು ಹೋದರೆ ಕೈ ಸೋಲುತ್ತದೆ, ಫ್ಲೇರ್ ಮಾಡಿದರೆ ತುದಿ ಸೀಳುತ್ತದೆ ಅಥವಾ ಸರಿಯಾಗಿ ಕೂರದೆ ಬೆವರುತ್ತದೆ. ತುಕ್ಕು ಹಿಡಿಯದ ಪೈಪು, ಸೋರುವ ತುದಿ! ನಿಮ್ಮ ಗಾಡಿಯ ಮಾದರಿಗೇ ಬಗ್ಗಿಸಿ, ತುದಿ ಮಾಡಿ ಬರುವ ಸ್ಟೇನ್‌ಲೆಸ್ ಸೆಟ್ ಸಿಕ್ಕಿದರೆ ತೆಗೆದುಕೊಳ್ಳಿ. ಸುರುಳಿ ತಂದು ನೀವೇ ಮಾಡುವುದಾದರೆ ಬೇಡ.

ಸಾದಾ ಸ್ಟೀಲ್, ಮೇಲೆ ಲೇಪನ ಇರುವುದು: ಅಗ್ಗ, ಗಟ್ಟಿ, ಫ್ಲೇರ್ ಚೆನ್ನಾಗಿ ಬರುತ್ತದೆ. ಕಂಪನಿಯಿಂದ ಬಂದದ್ದೂ ಇದೇ ಇರಬಹುದು. ಟೆಕ್ಸಸ್, ಅರಿಜೋನಾದಂಥ ಉಪ್ಪಿಲ್ಲದ ಕಡೆ ಇದು ಧಾರಾಳವಾಗಿ ಸಾಕು. ಇನ್ನೆರಡು ಮೂರು ವರ್ಷದಲ್ಲಿ ಮಾರುವ ಗಾಡಿಗೂ ಇದೇ ಸಾಕು. ಬಗ್ಗಿಸುವಾಗ ಲೇಪನ ಕೆತ್ತಿಹೋದ ಕಡೆ ಬಣ್ಣ ಹಚ್ಚಿ.

ನಾನು ಕೊನೆಗೆ ಹಾಕಿದ್ದು ತಾಮ್ರ-ನಿಕ್ಕಲ್ ಮಿಶ್ರಲೋಹ. ಸುಮಾರು ನೂರಕ್ಕೆ ತೊಂಬತ್ತು ತಾಮ್ರ, ಹತ್ತು ನಿಕ್ಕಲ್. ನಮ್ಮ ಹಳೆ ಒಂದು ರೂಪಾಯಿ ನಾಣ್ಯ ನೆನಪಿದೆಯಾ, ಬೆಳ್ಳಗೆ ಹೊಳೆಯುತ್ತಿದ್ದದ್ದು? ಅದೂ ಇದೇ ಜಾತಿ, ನಿಕ್ಕಲ್ ಪಾಲು ಜಾಸ್ತಿ ಅಷ್ಟೇ. ಹಡಗಿನಲ್ಲಿ ಸಮುದ್ರದ ನೀರು ಹರಿಯುವ ಪೈಪುಗಳಿಗೆ ಈ ಲೋಹ ಬಳಸುತ್ತಾರೆ. ಸ್ವೀಡನ್ನಿನ ವೋಲ್ವೊ ಕಂಪನಿ 1976ರಲ್ಲೇ ಬ್ರೇಕ್ ಲೈನಿಗೆ ಇದನ್ನು ತಂದಿತು. ರಸ್ತೆ ಉಪ್ಪು ಇದಕ್ಕೆ ದೊಡ್ಡ ಶತ್ರುವಲ್ಲ. ಇನ್ನೂ ಮುಖ್ಯವಾದದ್ದು, ಮಾತು ಕೇಳುತ್ತದೆ. 3/8 ಇಂಚಿನ ಪೈಪನ್ನು ದೊಡ್ಡ ತಿರುವಿಗೆ ಕೈಯಲ್ಲೇ ಬಗ್ಗಿಸಬಹುದು, ಚಿಕ್ಕ ತಿರುವಿಗೆ ಮಾತ್ರ ಬೆಂಡರ್ ಬೇಕು. ಇದರ ಕೆಟ್ಟ ಗುಣವೂ ಅದೇ ಮೆದುತನ. ಕ್ಲಿಪ್ ಸಾಲದಿದ್ದರೆ ಅಲ್ಲಾಡುತ್ತದೆ, ಕಲ್ಲು ಬಡಿದರೆ ನೆಗ್ಗುತ್ತದೆ. ಒಂದೊಂದು ಅಡಿಗೆ ರಬ್ಬರ್ ಒಳಪದರದ ಕ್ಲಿಪ್ ಹಾಕಿ. ಅಲ್ಯೂಮಿನಿಯಂಗೆ ನೇರವಾಗಿ ತಾಗಿಸಬೇಡಿ. ಉಪ್ಪು ನೀರು ನಡುವೆ ಬಂದರೆ ಎರಡೂ ಸೇರಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ.

ಬರೀ ತಾಮ್ರದ ಪೈಪ್, ಅದೇ ಎಸಿಯವರು, ಪ್ಲಂಬರ್‌ಗಳು ಬಳಸುವುದು, ಬೇಡ. ಅಲ್ಲಾಡಿ ಅಲ್ಲಾಡಿ ಗಟ್ಟಿಯಾಗಿ ಫ್ಲೇರಿನ ಪಕ್ಕದಲ್ಲೇ ಸುತ್ತಲೂ ಬಿರುಕು ಬಿಡುತ್ತದೆ. ಹೆಸರು ಹತ್ತಿರ ಇದೆ ಅಂತ ತಾಮ್ರ-ನಿಕ್ಕಲ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಅಲ್ಯೂಮಿನಿಯಂ ಲೈನ್ ಇರುವ ಗಾಡಿಯಲ್ಲಿ ಕಂಪನಿಯ ಸಿದ್ಧ ಲೈನನ್ನೇ ಹಾಕುವುದು ಸುಲಭ. ಅದನ್ನು ಮನೆಯಲ್ಲಿ ಫ್ಲೇರ್ ಮಾಡಿದರೆ ಸೀಳುವುದೇ ಜಾಸ್ತಿ.

ಉದ್ದಕ್ಕೂ ರಬ್ಬರ್ ಹಾಕಿಬಿಡೋಣ ಅನ್ನುವವರಿದ್ದಾರೆ. ತುರ್ತಿಗೆ ಸರಿ. ಸೈಲೆನ್ಸರ್ ಪೈಪಿನ ಹತ್ತಿರ ಹಾದುಹೋಗುವ ಕಡೆ ನಾನು ಒಪ್ಪುವುದಿಲ್ಲ. ಸ್ಟೀಲ್ ಹೆಣಿಗೆಯ ಟೆಫ್ಲಾನ್ ಹೋಸ್ ಬಿಸಿಗೆ ಹೆದರುವುದಿಲ್ಲ, ಆದರೆ ಆ ಹೆಣಿಗೆ ತಾಗಿದ್ದನ್ನೆಲ್ಲ ಗರಗಸದ ಹಾಗೆ ಕೊಯ್ಯುತ್ತದೆ. ಪಕ್ಕದ ವೈರ್ ಕಟ್ಟುಗಳನ್ನು ನೋಡಿಕೊಂಡು ಎಳೆಯಿರಿ.

ಯಾವುದೇ ಹಾಕಿ, ಅಳತೆ ಇಳಿಸಬೇಡಿ. 3/8 ಇದ್ದ ಕಡೆ 5/16 ಹಾಕಿದರೆ ಆಯಿಲ್ ಹರಿಯುವುದು ಕಡಿಮೆಯಾಗಿ ಬಿಸಿ ಏರುತ್ತದೆ.

ಹೊಸ ಲೈನ್ ಹಾಕಿದ ಮೇಲೂ ಸೋರುತ್ತಿದೆ

ಫ್ಲೇರ್ ಕೋನ ನೋಡಿ. ಸಾಮಾನ್ಯ ಗಾಡಿ ಗೆಣ್ಣುಗಳು 45 ಡಿಗ್ರಿ. ಎಎನ್ ಅನ್ನುವ ರೇಸಿಂಗ್ ಗೆಣ್ಣುಗಳು 37 ಡಿಗ್ರಿ. ಒಂದಕ್ಕೆ ಇನ್ನೊಂದು ಕೂರಿಸಿದರೆ ಎಷ್ಟು ಬಿಗಿದರೂ ಸೋರುತ್ತದೆ, ಬಿಗಿದಷ್ಟೂ ಹಾಳು. ನಟ್ ಬಿಚ್ಚಿ ಫ್ಲೇರಿನ ಮುಖ ಬೆಳಕಿಗೆ ಹಿಡಿಯಿರಿ. ಸುತ್ತಲೂ ಒಂದೇ ಸಮನೆ ಹೊಳೆಯುವ ಉಂಗುರ ಇರಬೇಕು. ಒಂದು ಕಡೆ ಅಗಲ, ಒಂದು ಕಡೆ ಇಲ್ಲವೇ ಇಲ್ಲ ಅಂದರೆ ಪೈಪ್ ಓರೆಯಾಗಿ ಕತ್ತರಿಸಿದೆ. ಗರಗಸ ಬಿಟ್ಟು ಪೈಪ್ ಕಟರಿನಲ್ಲೇ ಕತ್ತರಿಸಿ, ಒಳಗಿನ ಚೂಪು ಕೆರೆದು ತೆಗೆಯಿರಿ. ಫ್ಲೇರ್ ಮಾಡುವ ಮುಂಚೆ ನಟ್ ತೂರಿಸಿ. ನಗಬೇಡಿ, ನಾನು ಎರಡು ಸಲ ಮರೆತೆ.

ಫ್ಲೇರಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಸೋರಿಕೆ ನಿಲ್ಲಿಸುವುದು ನಟ್ಟಿನ ತಿರುಪಿನ ಗೆರೆಗಳಲ್ಲ, ಲೋಹದ ಮುಖ. ಟೇಪಿನ ಚೂರು ಒಳಗೆ ಹೋಗಿ, ಟ್ರಾನ್ಸ್‌ಮಿಷನ್ನಿನೊಳಗೆ ಆಯಿಲ್ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ದೊಡ್ಡ ಖರ್ಚು. ಹಿತ್ತಾಳೆಯ ಕಂಪ್ರೆಷನ್ ಗೆಣ್ಣು ನೀರಿನ ನಲ್ಲಿಗೆ ಸರಿ. ಇಲ್ಲಿ ಅಲುಗಾಟಕ್ಕೆ ಪೈಪ್ ಹೊರಗೆ ಜಾರಬಹುದು.

ಸೋರಿಕೆ ಇಲ್ಲ, ಆದರೆ ಬಿಸಿ ಏರುತ್ತಿದೆ

ಟ್ರಾನ್ಸ್‌ಮಿಷನ್ ಬಿಸಿ ತೋರಿಸುವ ಮೀಟರಿನಲ್ಲಿ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 80ರಿಂದ 93 ಸೆಲ್ಸಿಯಸ್, ಸಾಮಾನ್ಯವಾಗಿ ನಿಶ್ಚಿಂತೆ. ಟ್ರೈಲರ್ ಎಳೆಯುತ್ತಿರುವಾಗ 240 ಫ್ಯಾರನ್‌ಹೀಟ್ ದಾಟಿದರೆ ಗಾಡಿ ಬದಿಗೆ ಹಾಕಿ ನಿಲ್ಲಿಸಿ. ಹೊಸ ಲೈನ್ ಹಾಕಿದ ಮೇಲೆ ಶುರುವಾದದ್ದಾದರೆ ತಿರುವುಗಳನ್ನು ಕೈಯಲ್ಲಿ ತಡವಿ ನೋಡಿ, ಎಲ್ಲೋ ಚಪ್ಪಟೆಯಾಗಿರುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಆಯಿಲ್ ಬಿಸಿಯಾಗುವವರೆಗೂ ಕೂಲರಿಗೆ ಬಿಡದ ಥರ್ಮೋಸ್ಟಾಟ್ ಇದೆ. ಹಾಗಾಗಿ ಲೈನ್ ತಣ್ಣಗಿದೆ ಅಂದ ಮಾತ್ರಕ್ಕೆ ಕಟ್ಟಿಕೊಂಡಿದೆ ಅಂತಲ್ಲ. ಹರಿವು ಅಳೆಯುವ ಪರೀಕ್ಷೆ ಇದೆ, ಆದರೆ ಬಿಸಿ ಆಯಿಲ್ ರಭಸವಾಗಿ ಹೊರಗೆ ಬರುತ್ತದೆ. ಅದನ್ನು ವರ್ಕ್‌ಶಾಪಿಗೆ ಬಿಡಿ.

ಕೂಲೆಂಟ್ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಗಸಿ

ರೋಸ್ ಮಿಲ್ಕ್ ಹಾಗೆ ಕಾಣುತ್ತದೆ. ರೇಡಿಯೇಟರಿನೊಳಗಿನ ಕೂಲರ್ ಒಡೆದು ಆಯಿಲ್, ಕೂಲೆಂಟ್ ಬೆರೆತಿವೆ. 2005ರಿಂದ 2010ರವರೆಗಿನ ನಿಸ್ಸಾನ್ ಫ್ರಾಂಟಿಯರ್, ಪಾಥ್‌ಫೈಂಡರ್, ಎಕ್ಸ್‌ಟೆರಾ ಗಾಡಿಗಳ ಈ ತೊಂದರೆ ಅಮೆರಿಕದಲ್ಲಿ ಸಾಮೂಹಿಕ ದಾವೆಯವರೆಗೂ ಹೋಯಿತು. ಇಲ್ಲಿ ಲೈನ್ ಬದಲಿಸಿ ಪ್ರಯೋಜನವಿಲ್ಲ. ಕೂಲೆಂಟ್ ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ. ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಎಲ್ಲ ಮುಗಿದ ಮೇಲೆ

ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿ. ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಎಟಿಎಫ್+4 ಎಲ್ಲ ಕೆಂಪೇ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಸ್ವಲ್ಪ ಸ್ವಲ್ಪ ಹಾಕಿ, ಇಂಜಿನ್ ಓಡಿಸಿ, ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆದು, ಮತ್ತೆ ಮಟ್ಟ ನೋಡಿ. ಜಾಸ್ತಿ ತುಂಬಿದರೂ ನೊರೆ ಎದ್ದು ತೊಂದರೆ. ಹಳೆ ಆಯಿಲನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿಸಿ ಬಿಡಿಭಾಗದ ಅಂಗಡಿಗೆ ಒಯ್ಯಿರಿ, ಅನೇಕ ಕಡೆ ಸುಮ್ನೆ ತೆಗೆದುಕೊಳ್ಳುತ್ತಾರೆ. ಆ ರಾತ್ರಿ ಹೊಸ ರಟ್ಟು ಹಾಸಿ. ಐವತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಹಾಸಿ.